ಕಣ್ಣು ಅಚ್ಚು ಹಾಕಿಸಿಬಿಡು ಅಳಿಯಾ

"ಅಳಿಯಾ, ನಿಮ್ಮ ಹೈದರಾಬಾದಿನಾಗ ಮಷೀನಿನಿಂದ ಕಣ್ಣು ಅಚ್ಚು ಹಾಕ್ತಾರಂತಲ್ಲ, ನನಗೂ ಒಂದು ಹಾಕಿಸಿಬಿಡು."

ಸಿಂಧನೂರಿನಿಂದ ಬಂದಿಳಿದ ಸೋದರಮಾವ ಚಹಾ ಕುಡಿಯುವ ಮೊದಲೇ ಆಡಿದ ಮಾತಿದು. ಎರಡು ವರ್ಷದ ಹಿಂದೆ ಭತ್ತದ ರಾಶಿ ಮಾಡುವಾಗ ಬಲಗಣ್ಣಿಗೆ ಹೊಟ್ಟು ಸಿಡಿದಿತ್ತು. ಔಷಧಿ ಅಂಗಡಿಯವನು ಕೊಟ್ಟ ಸ್ಟೀರಾಯ್ಡ್ ಹನಿಯನ್ನು ಹತ್ತು ದಿನ ಹಾಕಿಕೊಂಡರು. ಒಳಗಿದ್ದದ್ದು ಶಿಲೀಂಧ್ರದ ಸೋಂಕು. ಅದಕ್ಕೆ ಸ್ಟೀರಾಯ್ಡ್ ಎಂದರೆ ಕಳೆಗೆ ಗೊಬ್ಬರ ಹಾಕಿದಂತೆ. ಸೋಂಕು ಹೋಯಿತು, ಕಣ್ಣಿನಲ್ಲಿ ಹೂ ಉಳಿಯಿತು.

ಮಾವ ಕೇಳಿದ್ದು ಸುಳ್ಳು ಸುದ್ದಿಯೇನಲ್ಲ. 2022ರ ಆಗಸ್ಟ್‌ನಲ್ಲಿ ಇಲ್ಲಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆ, ಐಐಟಿ ಹೈದರಾಬಾದ್ ಮತ್ತು ಸಿಸಿಎಂಬಿ ವಿಜ್ಞಾನಿಗಳು ತಾವು ಮುದ್ರಿಸಿದ ಕಾರ್ನಿಯಾವನ್ನು ಮೊಲದ ಕಣ್ಣಿಗೆ ಕೂರಿಸಿದ್ದಾಗಿ ಪ್ರಕಟಿಸಿದರು. ದಾನವಾಗಿ ಬಂದ ಕಾರ್ನಿಯಾದಿಂದ ಜೀವಕೋಶಗಳನ್ನೆಲ್ಲ ತೊಳೆದು ತೆಗೆದು, ಉಳಿದ ಹಂದರವನ್ನು ಜೆಲ್ ಮಾಡಿ, ಅದಕ್ಕೆ ಮನುಷ್ಯರ ಕಣ್ಣಿನ ಸ್ಟೆಮ್ ಸೆಲ್ ಬೆರೆಸುತ್ತಾರೆ. ಅದೇ ಪ್ರಿಂಟರಿನ ಶಾಯಿ.

"ಕಣ್ಣು ಮಾಡೋರು ಲಿವರ್ ಯಾಕ ಮಾಡಂಗಿಲ್ಲ?" ಎಂದರು ಮಾವ. ಕಾರ್ನಿಯಾದಲ್ಲಿ ರಕ್ತನಾಳ ಇಲ್ಲ ಎಂಬುದೇ ಉತ್ತರ. ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಆ ಗಾಜಿನಂಥ ಪದರ ಹೊರಗಿನಿಂದ ಗಾಳಿಯ ಆಮ್ಲಜನಕ, ಒಳಗಿನ ದ್ರವದಿಂದ ಆಹಾರ ಪಡೆದು ಬದುಕುತ್ತದೆ. ಲಿವರ್ ಹಾಗಲ್ಲ. ಅಲ್ಲಿ ಯಾವ ಜೀವಕೋಶವೂ ರಕ್ತನಾಳದಿಂದ 0.2 ಮಿಲಿಮೀಟರ್‌ಗಿಂತ ಬಹಳ ದೂರ ಇರುವಂತಿಲ್ಲ, ಇದ್ದರೆ ಸಾಯುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಹೊಲಗಳ ಕಥೆ ಎಂದೆ. ಮಾವನಿಗೆ ಮುಂದೆ ವಿವರಿಸಬೇಕಾಗಲಿಲ್ಲ. ಬೆಂಗಳೂರಿನ ಪ್ಯಾಂಡೋರಮ್ ಕಂಪನಿ 2015ರಲ್ಲೇ ಲಿವರ್ ಅಂಗಾಂಶ ಮುದ್ರಿಸಿತ್ತು. ಆದರೆ ಅದು ಪ್ರಯೋಗಾಲಯದಲ್ಲಿ ಔಷಧ ಪರೀಕ್ಷಿಸಲು ಒದಗುವ ಪುಟ್ಟ ತುಣುಕು, ಹೊಟ್ಟೆಯೊಳಗೆ ಕೂರಿಸುವ ಅಂಗವಲ್ಲ.

ಹಾಗಾದರೆ ಕಾಲುವೆ ತೋಡುವುದು ಹೇಗೆ? ನನಗೆ ಬಹಳ ಹಿಡಿಸಿದ್ದು 2012ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಜೋರ್ಡನ್ ಮಿಲ್ಲರ್ ಮತ್ತು ಸಂಗಡಿಗರು ಹೂಡಿದ ಉಪಾಯ. ಗೌರಿ ಹುಣ್ಣಿಮೆಗೆ ಸಕ್ಕರೆ ಪಾಕ ಅಚ್ಚಿಗೆ ಹೊಯ್ದು ಆರತಿ ಮಾಡುತ್ತೇವಲ್ಲ, ಅವರು ಸಕ್ಕರೆಯಲ್ಲೇ ರಕ್ತನಾಳಗಳ ಜಾಲರಿ ಮುದ್ರಿಸಿದರು. ಸುತ್ತ ಜೀವಕೋಶ ತುಂಬಿದ ಜೆಲ್ ಹೊಯ್ದರು. ಆಮೇಲೆ ಸಕ್ಕರೆ ಕರಗಿಸಿದರು. ಉಳಿದ ಟೊಳ್ಳು ದಾರಿಗಳ ಗೋಡೆಗೆ ರಕ್ತನಾಳದ ಒಳಪದರದ ಜೀವಕೋಶ ಹಚ್ಚಿ, ರಕ್ತ ಹರಿಸಿ ತೋರಿಸಿದರು. ಕೂದಲಿಗಿಂತ ಸಣ್ಣ ನಾಳಗಳವರೆಗೆ ಇಡೀ ಅಂಗದಲ್ಲಿ ಹಬ್ಬಿಸಿ, ರೋಗಿಯ ನಾಳಕ್ಕೆ ಹೊಲಿಯುವುದು ಇನ್ನೂ ದೊಡ್ಡ ಕೆಲಸ.

ಮೊಲದಿಂದ ಮನುಷ್ಯನ ತನಕದ ದಾರಿಯೂ ಸಣ್ಣದಲ್ಲ. ಹಾಗಾಗಿ ಮಾವನನ್ನು ಕರೆದುಕೊಂಡು ಹೋದದ್ದು ಪ್ರಿಂಟರ್ ಹುಡುಕಿಕೊಂಡಲ್ಲ, ಕಾರ್ನಿಯಾ ಕಸಿಯ ಸರದಿಗೆ ಹೆಸರು ಬರೆಸಲು. ಪ್ರಿಂಟರಿನ ಶಾಯಿಗೂ ಸದ್ಯ ದಾನದ ಕಣ್ಣೇ ಬೇಕು ಎಂಬುದು ಕ್ಯೂನಲ್ಲಿ ನಿಂತಾಗ ಹೊಳೆಯಿತು. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಾರ್ನಿಯಾಗಳನ್ನು ಪದರ ಬಿಡಿಸಿ ನಾಲ್ವರಿಗೆ ಕಸಿ ಮಾಡಿದ್ದು ಮಾವನಿಗೆ ನನಗಿಂತ ಚೆನ್ನಾಗಿ ನೆನಪಿದೆ. ಅವರ ಟ್ರ್ಯಾಕ್ಟರಿನ ಮೇಲೆ ಅಪ್ಪು ಚಿತ್ರವಿದೆ.

ಮೂರು ತಿಂಗಳಾದ ಮೇಲೆ ಕರೆ ಬಂತು. ರಾತ್ರಿ ಬಸ್ಸಿಗೆ ಬಂದರು, ಮರುದಿನ ಕಸಿ ಆಯಿತು. ಪಟ್ಟಿ ಬಿಚ್ಚಿದಾಗ ಗೋಡೆಯ ಕ್ಯಾಲೆಂಡರ್ ಮಸುಕಾಗಿ ಕಂಡಿತಂತೆ. ಮೊದಲು ಕೇಳಿದ್ದು, "ಯಾರ ಕಣ್ಣಿದು?"

ಹೇಳುವುದಿಲ್ಲ ಮಾವ, ಅದು ನಿಯಮ ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಊರಾದರೂ ಹೇಳ್ತಾರೇನು, ಕೇಳಿ ನೋಡು."