ಹಲ್ಲು ಬೆಳ್ಳಗೆ ಮಾಡಿಸ್ತೀರಾ? ಕಲೆ ಯಾವುದು ಅಂತ ಮೊದಲು ತಿಳ್ಕೊಳ್ಳಿ

ಕೋಲಾರ: ಮದುವೆ ಗೊತ್ತಾದ ಕೂಡಲೇ ಹಲ್ಲು ಬೆಳ್ಳಗೆ ಮಾಡಿಸಿಕೊಳ್ಳಲು ದಂತವೈದ್ಯರ ಬಳಿ ಹೋಗುವವರಿದ್ದಾರೆ. ಆದರೆ ಎಲ್ಲ ಕಲೆಗೂ ಒಂದೇ ಮದ್ದಿಲ್ಲ.

ಕಾಫಿ, ಟೀ, ಎಲೆ-ಅಡಿಕೆಯ ಕಲೆಯಾದರೆ ಕ್ಲೀನಿಂಗ್, ಬ್ಲೀಚಿಂಗ್‌ನಿಂದ ಬಹುಮಟ್ಟಿಗೆ ಹೋಗುತ್ತದೆ. ಒಸಡಿಗೆ ರಕ್ಷಣಾ ಪದರ ಹಚ್ಚಿ, ಹಲ್ಲಿನ ಮೇಲೆ ಪೆರಾಕ್ಸೈಡ್ ಜೆಲ್ ಹಾಕುತ್ತಾರೆ. ಕ್ಯಾಪ್, ಸಿಮೆಂಟ್ ಹಾಕಿಸಿದ ಕಡೆ ಮಾತ್ರ ಬಣ್ಣ ಬದಲಾಗಲ್ಲ.

ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಬಂದ ಕಂದು ಕಲೆಯೇ ಬೇರೆ. ಬಾಲ್ಯದಲ್ಲಿ ಹಲ್ಲು ರೂಪುಗೊಳ್ಳುವಾಗಲೇ ಎನಾಮಲ್ ಕೆಟ್ಟಿರುತ್ತದೆ. ಬರೀ ಬ್ಲೀಚಿಂಗ್ ಮಾಡಿಸಿದರೆ ಬಿಳಿ ಮಚ್ಚೆಗಳು ಇನ್ನಷ್ಟು ಎದ್ದು ಕಾಣಬಹುದು. ಕಲೆಯ ಆಳ ನೋಡಿ ಮೇಲ್ಪದರ ಉಜ್ಜಿ ತೆಗೆಯಬೇಕೋ, ವೆನಿಯರ್ ಕೂರಿಸಬೇಕೋ ಎಂದು ವೈದ್ಯರೇ ಹೇಳಬೇಕು.

ಬ್ಲೀಚಿಂಗ್ ಆದ ಮೇಲೆ 48 ಗಂಟೆ ಕಾಫಿ, ಟೀ, ಅರಿಶಿನದ ಸಾರು, ಬೀಟ್‌ರೂಟ್ ಬೇಡ. ಮೊಸರನ್ನ, ಇಡ್ಲಿ-ಕಾಯಿ ಚಟ್ನಿ ಸಾಕು. ತಣ್ಣೀರಿಗೆ ಹಲ್ಲು ಜುಮ್ಮೆನ್ನುವುದು ಸಾಮಾನ್ಯವಾಗಿ ಕೆಲವೇ ದಿನ. ಹೆಚ್ಚಾದರೆ ವೈದ್ಯರನ್ನು ಕಾಣಿ.

ನಿಂಬೆರಸ, ಇದ್ದಿಲಿನಿಂದ ಉಜ್ಜಿದರೆ ಎನಾಮಲ್ ಸವೆಯುತ್ತದೆ. ಗುಟ್ಕಾ, ಬೀಡಿ ಬಿಡದಿದ್ದರೆ ಕಲೆ ಮತ್ತೆ ಬರುತ್ತದೆ.

ಮದುವೆಗಾಗಿ ಮಾಡಿಸುವವರು ಮುಹೂರ್ತಕ್ಕೆ ಎರಡು ವಾರ ಮೊದಲೇ ಮಾಡಿಸಿಕೊಂಡರೆ ಒಳ್ಳೇದು.