ಸುಲು ಸಮುದ್ರದ ಕಾವಲುಮನೆ

ಫಿಲಿಪೀನ್ಸ್‌ನ ಪ್ವೆರ್ಟೊ ಪ್ರಿನ್ಸೆಸಾ ಬಂದರಿನಿಂದ ಸಂಜೆ ಹೊರಟ ಹಡಗು ರಾತ್ರಿಯಿಡೀ ಸಾಗಿ, ಬೆಳಗಿನ ಹೊತ್ತಿಗೆ ತುಬ್ಬಾತಾಹ ಹವಳದ ದಿಬ್ಬಗಳ ಬಳಿ ನಿಲ್ಲುತ್ತದೆ. ದಾರಿ ಸುಮಾರು 150 ಕಿ.ಮೀ. ಅಲ್ಲಿ ಹೋಟೆಲಿಲ್ಲ, ಊರಿಲ್ಲ. ಊಟ, ನಿದ್ದೆ, ಸಿಲಿಂಡರಿಗೆ ಗಾಳಿ ತುಂಬುವುದು ಎಲ್ಲವೂ ಹಡಗಿನಲ್ಲೇ. ಸ್ಕೂಬಾ ಮಂದಿ ಇದನ್ನು ಲೈವ್‌ಅಬೋರ್ಡ್ ಎನ್ನುತ್ತಾರೆ.

ಈ ನೀರಿನ ನಡುವೆ ವರ್ಷವಿಡೀ ಇರುವವರು ಹತ್ತು-ಹನ್ನೆರಡು ಕಾವಲುಗಾರರು. ಉತ್ತರದ ಹವಳ ದಿಬ್ಬದ ಮರಳಿನ ಮೇಲೆ ಅವರ ಠಾಣೆ. ನೌಕಾಪಡೆ, ಕರಾವಳಿ ರಕ್ಷಣಾಪಡೆ, ತುಬ್ಬಾತಾಹ ಉದ್ಯಾನದ ಆಡಳಿತ, ಕಾಗಯಾನ್ಸಿಲ್ಲೊ ಪುರಸಭೆ ಹೀಗೆ ಬೇರೆ ಬೇರೆ ಕಡೆಯಿಂದ ಬಂದವರು ಎರಡು-ಮೂರು ತಿಂಗಳ ಪಾಳಿಯಲ್ಲಿ ಒಟ್ಟಿಗೆ ಬಾಳುತ್ತಾರೆ. ರಾಡಾರ್ ನೋಡುವುದು, ಕಳ್ಳದೋಣಿಗಳನ್ನು ಅಡ್ಡಗಟ್ಟುವುದು, ಆಮೆ-ಹಕ್ಕಿಗಳ ಲೆಕ್ಕ ಇಡುವುದು ಅವರ ಕೆಲಸ. ಮುಳುಗಲು ಬಂದವರು ಠಾಣೆಗೂ ಹೋಗಿ ಅಂಗಿ, ಟೋಪಿ ಕೊಳ್ಳುತ್ತಾರೆ. ತಾಜಾ ಹಣ್ಣು, ತರಕಾರಿ ಕೊಟ್ಟರೆ ಅವರಿಗೆ ಅದೇ ಹಬ್ಬ. ಶಾರ್ಕ್‌ಗಳನ್ನು ನೋಡಲು ಅಷ್ಟು ದೂರ ಹೋಗುವವರು ಆ ಶಾರ್ಕ್‌ಗಳನ್ನು ಉಳಿಸಿದವರನ್ನೂ ಕಂಡು ಬರಬೇಕೆಂಬುದು ನನ್ನ ಆಸೆ.

1980ರ ದಶಕದಲ್ಲಿ ಡೈನಮೈಟ್ ಸಿಡಿಸಿ ಮೀನು ಹಿಡಿಯುವವರಿಂದ ಹವಳ ನಾಶವಾಗತೊಡಗಿತ್ತು. 1988ರಲ್ಲಿ ತುಬ್ಬಾತಾಹ ರಾಷ್ಟ್ರೀಯ ಉದ್ಯಾನವಾಯಿತು, 1993ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ತಾಣ. ಮೀನು ಹಿಡಿಯುವುದು ಪೂರ್ತಿ ನಿಷಿದ್ಧ. ಆದರೂ ಹವಳಕ್ಕೆ ಅಪಾಯ ತಪ್ಪಲಿಲ್ಲ. 2013ರ ಜನವರಿಯಲ್ಲಿ ಅಮೆರಿಕದ ಯುದ್ಧನೌಕೆ ‘ಗಾರ್ಡಿಯನ್’ ದಿಬ್ಬದ ಮೇಲೇರಿ ಸಿಕ್ಕಿಕೊಂಡಿತು. ಬಿಡಿಸಲಾಗದೆ ಅದನ್ನು ತುಂಡು ತುಂಡಾಗಿ ಕತ್ತರಿಸಿ ಸಾಗಿಸಬೇಕಾಯಿತು. ಎರಡು ಸಾವಿರ ಚದರ ಮೀಟರಿಗೂ ಹೆಚ್ಚು ಹವಳ ನುಚ್ಚಾಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಚೀನಾದ ದೋಣಿಯೊಂದು ಬಂದು ಅಪ್ಪಳಿಸಿತು. ಅದರಲ್ಲಿ ಕೊಂದ ಚಿಪ್ಪುಹಂದಿಗಳ ಪೆಟ್ಟಿಗೆಗಳಿದ್ದವು.

ಹೋಗುವವರಿಗೆ ಅವಕಾಶ ಮಾರ್ಚ್ ಮಧ್ಯದಿಂದ ಜೂನ್ ಮಧ್ಯದವರೆಗೆ ಮಾತ್ರ. ಉಳಿದ ಕಾಲ ಗಾಳಿ, ಅಲೆ ಬಿಡುವುದಿಲ್ಲ. ಹಡಗುಗಳೂ ಕೆಲವೇ, ಆದ್ದರಿಂದ ವರ್ಷ ಮೊದಲೇ ಜಾಗ ಕಾಯ್ದಿರಿಸಬೇಕು. ಮುರುಡೇಶ್ವರದ ನೇತ್ರಾಣಿಯಲ್ಲಿ ಮೊದಲ ಮುಳುಗು ಹಾಕಿದ ನಮ್ಮವರು ನೇರ ಇಲ್ಲಿಗೆ ಹಾರಬಾರದು. ಇಲ್ಲಿ ಹವಳದ ಗೋಡೆ ನೆಟ್ಟಗೆ ಆಳಕ್ಕಿಳಿಯುತ್ತದೆ, ಸೆಳವೂ ಬಲು ಜೋರು. ಮುಂದುವರಿದ ತರಬೇತಿ, ಹತ್ತಾರು ಮುಳುಗುಗಳ ಅನುಭವ, ನೀರ ಮೇಲೆ ಗುರುತು ತೋರುವ ಬಲೂನು ಬೇಕೇ ಬೇಕು. ಆಸ್ಪತ್ರೆ ಒಂದು ರಾತ್ರಿಯ ದಾರಿ. ವಿಮೆ ಮಾಡಿಸಿ, ಕೊನೆಯ ಮುಳುಗಿನ ಮರುದಿನ ವಿಮಾನ ಹತ್ತಿ. ದೇಹದಲ್ಲಿ ಉಳಿದ ನೈಟ್ರೋಜನ್ ಹೊರಹೋಗಲು ಅಷ್ಟು ಹೊತ್ತು ಬೇಕು.

ಉದ್ಯಾನದ ಪ್ರವೇಶ ಶುಲ್ಕದಿಂದ ಕಾವಲಿನ ಖರ್ಚಿಗೆ ಒಂದು ಪಾಲು ಸಲ್ಲುತ್ತದೆ. 2020ರಲ್ಲಿ ಕೋವಿಡ್‌ನಿಂದ ಹಡಗುಗಳು ನಿಂತಾಗ ಆ ಹಣವೂ ನಿಂತಿತು. ಠಾಣೆಯ ಕಾವಲು ಮಾತ್ರ ನಿಲ್ಲಲಿಲ್ಲ. ಹಡಗು ಕಾಯ್ದಿರಿಸುವಾಗ ಠಾಣೆಗೆ ಕರೆದೊಯ್ಯುವರೇ ಎಂದು ಕೇಳಿ ನೋಡಿ. ಸಮುದ್ರ ಒರಟಾಗಿದ್ದರೆ ದೂರದಿಂದ ಕೈಬೀಸಿ ಮುಂದೆ ಹೋಗಬೇಕಾದೀತು.