ಮರೆಯಲ್ಲಿದ್ದು ನುಡಿದವನು

ದೂರದರ್ಶನದ ಪರದೆಯ ಮೇಲೆ ಗಜ್ಜರಿಯನ್ನು ಕಟಕಟನೆ ಕಡಿಯುತ್ತ ಬೇಟೆಗಾರನನ್ನೇ ಮರುಳುಗೊಳಿಸುವ ಬಗ್ಸ್ ಬನ್ನಿ ಎಂಬ ಮೊಲವನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ಆ ಮೊಲಕ್ಕೆ ಮೊದಲು ನುಡಿಯನ್ನಿತ್ತವನನ್ನು ಬಲ್ಲವರು ವಿರಳ. ಆತನು ಮೆಲ್ ಬ್ಲಾಂಕ್. 1908ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜನಿಸಿ, ಪೋರ್ಟ್‌ಲ್ಯಾಂಡಿನಲ್ಲಿ ಬೆಳೆದು, ರೇಡಿಯೋದಲ್ಲಿ ಪಳಗಿ, 1930ರ ದಶಕದಲ್ಲಿ ವಾರ್ನರ್ ಬ್ರದರ್ಸ್‌ಗಾಗಿ ವ್ಯಂಗ್ಯಚಿತ್ರಗಳನ್ನು ನಿರ್ಮಿಸುತ್ತಿದ್ದ ಲಿಯಾನ್ ಶ್ಲೆಸಿಂಗರನ ಚಿತ್ರಶಾಲೆಯನ್ನು ಸೇರಿದನು.

ಚಿತ್ರಗಳನ್ನು ಮೊದಲು ಬರೆದು, ಬಳಿಕ ಮಾತು ಜೋಡಿಸುವರೆಂದು ನಾವು ಬಹುಕಾಲ ಭಾವಿಸಿದ್ದೆವು. ಅಲ್ಲಿಯ ಪದ್ಧತಿ ಇದಕ್ಕೆ ವಿಪರೀತವಾದುದು. ಮೊದಲು ಧ್ವನಿಮುದ್ರಣ, ಆ ನುಡಿಯ ಏರಿಳಿತವನ್ನು ಆಲಿಸಿ ಕಲಾವಿದರು ತುಟಿ, ಕಣ್ಣು, ಹುಬ್ಬುಗಳನ್ನು ಬರೆಯುವರು. ನಾದವು ಮುಂದು, ರೂಪವು ಹಿಂದು ಎಂಬ ತತ್ತ್ವವು ವಿನೋದದ ಈ ಕಾಯಕಕ್ಕೂ ಸಲ್ಲುವುದೆಂಬುದು ನಮಗೆ ಸೋಜಿಗವನ್ನುಂಟುಮಾಡಿತು.

1937ರಲ್ಲಿ ಪೋರ್ಕಿ ಎಂಬ ಹಂದಿಯ ಪಾತ್ರವು ಬ್ಲಾಂಕನಿಗೆ ದೊರೆಯಿತು. ಅದಕ್ಕೆ ಮುನ್ನ ಮಾತನಾಡುತ್ತಿದ್ದ ಜೋ ಡೋಹರ್ಟಿ ಎಂಬಾತನಿಗೆ ನಿಜವಾಗಿಯೇ ಉಗ್ಗು ಇದ್ದಿತು. ಅದು ಆತನ ಹತೋಟಿಗೆ ಸಿಗದೆ ಮುದ್ರಣವು ವ್ಯರ್ಥವಾಗುತ್ತಿದ್ದುದರಿಂದ ಆತನನ್ನು ಬಿಡಿಸಿ, ಉಗ್ಗನ್ನು ಅಭಿನಯಿಸಬಲ್ಲವನನ್ನು ತಂದರು. ಬ್ಲಾಂಕನ ಕೌಶಲವನ್ನು ಮೆಚ್ಚುವ ನಮಗೆ ಈ ಒಂದು ಸಂಗತಿಯಲ್ಲಿ ಮನಸ್ಸು ಒಪ್ಪದು. ಒಬ್ಬನ ನೋವು ಇನ್ನೊಬ್ಬನ ಬಾಯಲ್ಲಿ ನಗೆಯಾಯಿತಲ್ಲ!

ಆದರೆ ಆತನ ದುಡಿಮೆಯಲ್ಲಿ ಸೋಮಾರಿತನವಿರಲಿಲ್ಲ. ಮೊಲದ ದೃಶ್ಯಗಳಿಗೆ ನಿಜವಾದ ಗಜ್ಜರಿಯನ್ನೇ ಕಡಿದು, ನುಂಗಲು ವ್ಯವಧಾನವಿಲ್ಲದೆ ಉಗಿದು, ಮುಂದಿನ ಮಾತನ್ನಾಡುತ್ತಿದ್ದನು. ಜ್ಯಾಕ್ ಬೆನ್ನಿಯ ರೇಡಿಯೋ ಕಾರ್ಯಕ್ರಮದಲ್ಲಿ ಹಳೆಯ ಮೋಟಾರಿನ ಸದ್ದು ಸಮಯಕ್ಕೆ ಮೊಳಗದೆ ಹೋದಾಗ, ಕೆಮ್ಮಿ ಗುರುಗುಟ್ಟಿ ತಾನೇ ಮೋಟಾರಾದನು. ವೇತನ ಹೆಚ್ಚಿಸಲು ಕೇಳಿದಾಗ ಶ್ಲೆಸಿಂಗರನು ಹಣ ಕೊಡಲೊಪ್ಪದೆ, ತೆರೆಯ ಮೇಲೆ ಹೆಸರು ಹಾಕಿಸಿದನು. ಅಂದಿನ ಧ್ವನಿ ಕಲಾವಿದರಿಗೆ ಅದೂ ದುರ್ಲಭವಾಗಿದ್ದಿತು.

1961ರ ಜನವರಿ 24ರಂದು ಲಾಸ್ ಏಂಜಲೀಸಿನ ಸನ್‌ಸೆಟ್ ಬುಲೆವಾರ್ಡ್‌ನಲ್ಲಿ ಎದುರು ಬಂದ ಕಾರು ಆತನ ಕಾರಿಗೆ ಅಪ್ಪಳಿಸಿತು. ಸುಮಾರು ಎರಡು ವಾರ ಆತನಿಗೆ ಪ್ರಜ್ಞೆಯಿರಲಿಲ್ಲ. ಹೆಂಡತಿ ಕರೆದರೂ ಮಗ ಕರೆದರೂ ಉತ್ತರವಿಲ್ಲ. ಕೊನೆಗೆ ವೈದ್ಯರೊಬ್ಬರು, ಬಗ್ಸ್ ಬನ್ನಿ, ಇಂದು ಹೇಗಿದ್ದೀಯೆ ಎಂದು ಮೊಲವನ್ನೇ ವಿಚಾರಿಸಿದರು. ಕ್ಷೀಣವಾಗಿ, ಮೊಲದ ಧ್ವನಿಯಲ್ಲಿಯೇ ಉತ್ತರ ಬಂದಿತಂತೆ! ಮನೆಯವರು ಮುಂದೆ ಪಲವು ಬಾರಿ ಹೇಳಿದ ಪ್ರಸಂಗವಿದು. ತನ್ನ ಹೆಸರಿಗೆ ಓಗೊಡದವನು ತನ್ನ ಕಾಯಕದ ಹೆಸರಿಗೆ ಓಗೊಟ್ಟನೆಂಬುದನ್ನು ಓದಿದಾಗ ನಾವು ಪುಸ್ತಕವನ್ನು ಮಡಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು.

ಆಗ ಆತನು ಫ್ಲಿಂಟ್‌ಸ್ಟೋನ್ಸ್ ಮಾಲಿಕೆಯಲ್ಲಿ ಬಾರ್ನಿಯ ಪಾತ್ರಕ್ಕೂ ಧ್ವನಿ ಕೊಡುತ್ತಿದ್ದನು. ಕೆಲವು ಕಂತುಗಳನ್ನು ಡಾಸ್ ಬಟ್ಲರ್ ನಡೆಸಿಕೊಟ್ಟನು. ಅನಂತರ ಧ್ವನಿಮುದ್ರಣದ ಯಂತ್ರಗಳನ್ನು ಬ್ಲಾಂಕನ ಮನೆಗೇ ಒಯ್ದರು. ಮೈಯೆಲ್ಲ ಪ್ಲಾಸ್ಟರಿನ ಕಟ್ಟಿನಲ್ಲಿದ್ದು ಕೈಕಾಲು ಆಡಿಸಲಾರದವನು ಹಾಸಿಗೆಯಲ್ಲಿ ಮಲಗಿಕೊಂಡೇ ಮಾತನಾಡಿದನು. ಜತೆಯ ಕಲಾವಿದರು ಮಂಚದ ಸುತ್ತ ನೆರೆದು ತಮ್ಮ ತಮ್ಮ ಮಾತುಗಳನ್ನು ಒಪ್ಪಿಸಿದರು. ನೋಡುವ ಮಕ್ಕಳಿಗೆ ಕೇಳಿಸಿದ್ದು ಬಾರ್ನಿಯ ನಗೆ ಮಾತ್ರ.

1989ರ ಜುಲೈ 10ರಂದು ಆತನು ತೀರಿಕೊಂಡನು. ಹಾಲಿವುಡ್ಡಿನ ಸ್ಮಶಾನದಲ್ಲಿ ಆತನ ಸಮಾಧಿಯ ಶಿಲೆಯ ಮೇಲೆ, ಆಟ ಮುಗಿಯಿತೆಂದು ಪೋರ್ಕಿ ಹಂದಿಯು ನೋಡುಗರಿಗೆ ಹೇಳುತ್ತಿದ್ದ ಬೀಳ್ಕೊಡುಗೆಯ ಮಾತನ್ನು ಕೆತ್ತಿದ್ದಾರೆ. ಹಾಗೆಂದು ಬಯಸಿದವನು ಆತನೇ.